ಒತ್ತಿದಷ್ಟೂ ಕೆಡುವ ಕೆಲಸ: ಕೈ ಸ್ಯಾಂಡರ್ ಬಳಸುವ ಬಗೆ

(ಮೈಸೂರಿನಲ್ಲಿ ಬಡಗಿ ಕೆಲಸದವರು, ಐಟಿಐ ವಿದ್ಯಾರ್ಥಿಗಳು ಹಾಗೂ ಮನೆಯ ಮರದ ಸಾಮಾನನ್ನು ತಾವೇ ಸರಿಮಾಡಿಕೊಳ್ಳಲು ಬಯಸುವವರ ಮುಂದೆ ಕೊಟ್ಟ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ಹತ್ತರಿ ಹೊಡೆಯುವುದು, ಉಳಿ ಹಿಡಿಯುವುದು, ಗರಗಸಕ್ಕೆ ಹಲ್ಲು ಕೂರಿಸುವುದು ಇವನ್ನೆಲ್ಲ ಹಿರಿಯರ ಪಕ್ಕದಲ್ಲಿ ನಿಂತು ವರ್ಷಗಟ್ಟಲೆ ಕಲಿಯುತ್ತಾರೆ. ಮರಳು ಕಾಗದವನ್ನು ಅಲ್ಲಾಡಿಸಿ ಮರ ಉಜ್ಜುವ ಕರೆಂಟಿನ ಯಂತ್ರ, ಅಂದರೆ ಸ್ಯಾಂಡರ್, ಅದೊಂದನ್ನು ಮಾತ್ರ ಯಾರೂ ಕಲಿಸುವುದಿಲ್ಲ. ಡಬ್ಬಿಯಿಂದ ತೆಗೆದು, ಪ್ಲಗ್ ಚುಚ್ಚಿ, ಮರದ ಮೇಲಿಟ್ಟು ಒತ್ತಿದರೆ ಆಯಿತು ಅನ್ನುವ ಭಾವನೆ ಇದೆ. ಆಮೇಲೆ ಪಾಲಿಶ್ ಬಳಿದಾಗ ಬಾಗಿಲ ತುಂಬ ಸುರುಳಿ ಸುರುಳಿ ಗೀರುಗಳು ಎದ್ದು ಕಾಣುತ್ತವೆ, ಬೈಗುಳ ಪಾಲಿಶ್‌ನವರಿಗೆ ಬೀಳುತ್ತದೆ. ತಪ್ಪು ನಡೆದದ್ದು ಅದಕ್ಕೂ ಮೊದಲು, ಸ್ಯಾಂಡರ್ ಹಿಡಿದ ಕೈಯಲ್ಲಿ.

ಇವತ್ತು ಹೇಳಬೇಕಾದ ಮುಖ್ಯ ಮಾತು ಒಂದೇ. ಮರವನ್ನು ಕೊಯ್ಯುವುದು ಕಾಗದ. ಯಂತ್ರ ಆ ಕಾಗದವನ್ನು ಅಲ್ಲಾಡಿಸುತ್ತದೆ, ಅಷ್ಟೆ. ಸವೆದ ಕಾಗದವನ್ನು ಬದಲಾಯಿಸದೆ ಹಾಗೇ ಇಟ್ಟುಕೊಂಡಾಗ ಕೈ ತಾನಾಗಿಯೇ ಒತ್ತಲು ಶುರುಮಾಡುತ್ತದೆ. ಒತ್ತಿದಾಗ ಮರದ ಮೇಲೆ ಗೀರು ಬೀಳುತ್ತದೆ, ಕಾಗದ ಕೂರುವ ಅಡಿಯ ಪ್ಯಾಡ್ ಕಾದು ಹಾಳಾಗುತ್ತದೆ, ಮೋಟಾರ್ ಬಿಸಿಯಾಗುತ್ತದೆ, ಹೆಚ್ಚು ಹೊತ್ತು ಹಿಡಿಯಬೇಕಾಗಿ ಬಂದು ಬೆರಳು ಜೋಮು ಹಿಡಿಯುತ್ತದೆ, ಅಷ್ಟು ಹೊತ್ತೂ ಧೂಳು ಕುಡಿಯಬೇಕಾಗುತ್ತದೆ. ಇಷ್ಟು ತೊಂದರೆಗಳ ಬೇರು ಒಂದೇ ಕಡೆ ಇದೆ.

ಯಾವ ಯಂತ್ರ, ಯಾವ ಕೆಲಸಕ್ಕೆ

ನಮ್ಮ ಕಡೆ ಕಾರ್ಖಾನೆಯಲ್ಲೂ ಮನೆಯಲ್ಲೂ ಹೆಚ್ಚಾಗಿ ಸಿಗುವುದು ಮೂರು ಬಗೆ. ಮೊದಲನೆಯದು ಚೌಕ ಪ್ಯಾಡಿನ ಆರ್ಬಿಟಲ್ ಸ್ಯಾಂಡರ್. ಪೂರ್ತಿ ಹಾಳೆಯ ಕಾಲು ಭಾಗ ಕತ್ತರಿಸಿ ಎರಡು ಕಡೆ ಕ್ಲಿಪ್ಪಿಗೆ ಸಿಕ್ಕಿಸುವಂಥದ್ದು. ಮೂಲೆಗೆ ಹೋಗುತ್ತದೆ, ಕೈಗೆ ಹಗುರ, ಆದರೆ ನಿಧಾನ. ಎರಡನೆಯದು ದುಂಡು ಪ್ಯಾಡಿನ ರ‍್ಯಾಂಡಮ್ ಆರ್ಬಿಟ್ ಸ್ಯಾಂಡರ್. 125 ಮಿ.ಮೀ ಅಥವಾ 150 ಮಿ.ಮೀ ಡಿಸ್ಕ್, ಅಂದರೆ ದುಂಡಗೆ ಕತ್ತರಿಸಿದ ಮರಳು ಕಾಗದ, ವೆಲ್ಕ್ರೋದಿಂದ ಅಂಟುತ್ತದೆ. ಮೂರನೆಯದು ಬೆಲ್ಟ್ ಸ್ಯಾಂಡರ್. ಸಾಮಾನ್ಯ ಅಳತೆ 75 × 533 ಮಿ.ಮೀ ಬೆಲ್ಟ್, ಭಾರವಾದ ಯಂತ್ರ, ಹತ್ತರಿಗೆ ಹತ್ತಿರದ ಕೆಲಸ ಮಾಡುತ್ತದೆ.

ಒಂದೇ ಯಂತ್ರ ಕೊಳ್ಳುವವರು 125 ಮಿ.ಮೀ ರ‍್ಯಾಂಡಮ್ ಆರ್ಬಿಟ್ ಕೊಳ್ಳಿ, ವೇಗ ಹೆಚ್ಚುಕಡಿಮೆ ಮಾಡುವ ತಿರುಪು ಇರುವಂಥದ್ದು. ಇವತ್ತಿನ ಮಾತಿನಲ್ಲಿ ಹೆಚ್ಚಿನ ಭಾಗ ಅದರದ್ದೇ.

ನಾಲ್ಕನೆಯ ಒಂದು ಪದ್ಧತಿ ಇದೆ, ಅದನ್ನು ಹೇಳಲೇಬೇಕು. 4 ಇಂಚಿನ ಆ್ಯಂಗಲ್ ಗ್ರೈಂಡರಿಗೆ ಉಜ್ಜುವ ಡಿಸ್ಕ್ ಹಾಕಿ ಮರ ಉಜ್ಜುವುದು. ಲೆಕ್ಕ ನೋಡಿ. ಆ ಗ್ರೈಂಡರ್ ನಿಮಿಷಕ್ಕೆ 11,000 ಸುತ್ತು ತಿರುಗುತ್ತದೆ, ಅಂದರೆ ಡಿಸ್ಕಿನ ಅಂಚು ಸೆಕೆಂಡಿಗೆ ಸುಮಾರು 57 ಮೀಟರ್ ಓಡುತ್ತದೆ, ಗಂಟೆಗೆ 200 ಕಿಲೋಮೀಟರಿಗೂ ಮೇಲೆ. ರ‍್ಯಾಂಡಮ್ ಆರ್ಬಿಟ್ ಸ್ಯಾಂಡರ್ ನಿಮಿಷಕ್ಕೆ 12,000 ಗಿರಕಿ ಹೊಡೆದರೂ ಆ ಗಿರಕಿಯ ವ್ಯಾಸ ಬರೀ 2.5 ಮಿ.ಮೀ. ಹಾಗಾಗಿ ಕಾಗದದ ಒಂದೊಂದು ಕಣ ಸೆಕೆಂಡಿಗೆ ಒಂದೂವರೆ ಮೀಟರಿನ ಆಸುಪಾಸಿನಲ್ಲಷ್ಟೆ ಓಡುತ್ತದೆ. ಗ್ರೈಂಡರ್ ಒಂದು ಕ್ಷಣ ವಾಲಿದರೆ ಬಾಗಿಲಲ್ಲಿ ಗುಂಡಿ, ಬಟ್ಟೆಯ ಅಂಚು ಸಿಕ್ಕಿದರೆ ಕೈಗೇ ಅಪಾಯ. ದೊಡ್ಡ ದಿಮ್ಮಿಯ ಒರಟು ತೆಗೆಯಲು, ಗಾರ್ಡ್ ಹಾಕಿಕೊಂಡು, ಎರಡು ಕೈಯಲ್ಲಿ ಹಿಡಿದು, ಗ್ರೈಂಡರಿನ ವೇಗ ತಡೆಯುತ್ತದೆಂದು ಮೇಲೆ ಅಚ್ಚು ಹಾಕಿದ ಡಿಸ್ಕ್ ಬಳಸಿ ಮಾಡುವವರು ಮಾಡಲಿ. ನುಣುಪು ಕೆಲಸಕ್ಕೆ ಅದು ಬೇಡ.

ಕಾಗದದ ಲೆಕ್ಕ

ಮರಳು ಕಾಗದದ ಹಿಂಬದಿ ಪಿ80, ಪಿ120, ಪಿ220 ಎಂದು ಅಚ್ಚಾಗಿರುತ್ತದೆ. ಸಂಖ್ಯೆ ಏರಿದಷ್ಟೂ ಕಣ ಸಣ್ಣದು. ಪಿ80ರ ಕಣ ಸುಮಾರು 200 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ), ಪಿ120ರದ್ದು ಸುಮಾರು 125, ಪಿ180ರದ್ದು ಸುಮಾರು 80, ಪಿ220ರದ್ದು ಸುಮಾರು 68. ಸ್ಯಾಂಡಿಂಗ್ ಅಂದರೆ ದೊಡ್ಡ ಗೀರನ್ನು ತೆಗೆದು ಅದರ ಜಾಗದಲ್ಲಿ ಸಣ್ಣ ಗೀರು ಹಾಕುತ್ತ ಹೋಗುವುದು, ಕಣ್ಣಿಗೆ ಕಾಣದಷ್ಟು ಸಣ್ಣದಾಗುವವರೆಗೆ. ಆದ್ದರಿಂದ ಪ್ರತಿಯೊಂದು ಕಾಗದದ ಕೆಲಸ ತನ್ನ ಹಿಂದಿನ ಕಾಗದ ಬಿಟ್ಟ ಗೀರನ್ನು ಪೂರ್ತಿ ತೆಗೆಯುವುದು.

ಪಿ80ರಿಂದ ನೇರ ಪಿ220ಕ್ಕೆ ಹಾರಿದವರು ಸಮಯ ಉಳಿಸಿದೆವು ಅಂದುಕೊಳ್ಳುತ್ತಾರೆ. ಸಣ್ಣ ಕಣಕ್ಕೆ ಆ ಆಳದ ಗೀರಿನ ತಳ ಮುಟ್ಟಲು ಆಗುವುದಿಲ್ಲ, ಗೀರಿನ ದಿಬ್ಬವನ್ನಷ್ಟೇ ಹೊಳಪು ಮಾಡುತ್ತದೆ. ಬರಿಗಣ್ಣಿಗೆ ಚೆನ್ನಾಗಿ ಕಾಣುವ ಹಲಗೆ, ಸ್ಟೇನ್, ಅಂದರೆ ಮರ ಹೀರಿಕೊಳ್ಳುವ ಬಣ್ಣ, ಬಿದ್ದೊಡನೆ ಗೀರುಗೀರಾಗುತ್ತದೆ. ಹತ್ತರಿ ಹೊಡೆದ ತೇಗಕ್ಕೆ ಪಿ80, ಪಿ120, ಪಿ180 ಸಾಕು. ಯಂತ್ರದ ಪ್ಲೇನರಿನ ಅಲೆ ಗುರುತು ಇದ್ದರೆ ಪಿ60ರಿಂದ ಶುರುಮಾಡಿ. ಹಲಸು, ಹೊನ್ನೆಯಂಥವಕ್ಕೂ ಇದೇ ಕ್ರಮ ನಡೆಯುತ್ತದೆ. ಬೇವಿನಲ್ಲಿ ಎಳೆ ಅಡ್ಡಾದಿಡ್ಡಿ ಓಡುವುದರಿಂದ ಪಿ80ರಲ್ಲಿ ಸ್ವಲ್ಪ ಹೆಚ್ಚು ಹೊತ್ತು ಕಳೆಯಬೇಕು. ಸ್ಟೇನ್ ಬಳಿಯುವುದಾದರೆ ಪಿ180ರಲ್ಲೇ ನಿಲ್ಲಿಸಿ. ಪಿ320, ಪಿ400ರವರೆಗೆ ಉಜ್ಜಿದ ಮರ ಬಣ್ಣವನ್ನು ಸರಿಯಾಗಿ ಹೀರುವುದಿಲ್ಲ, ಮಂಕಾಗಿ ಉಳಿಯುತ್ತದೆ. ಆ ಸಂಖ್ಯೆಗಳು ಪಾಲಿಶಿನ ಎರಡು ಕೋಟುಗಳ ನಡುವೆ ಉಜ್ಜಲು. ಹಲಗೆಯ ತುದಿ ಭಾಗ, ಅಂದರೆ ಎಳೆ ಕತ್ತರಿಸಿದ ಮುಖ, ಬಣ್ಣವನ್ನು ಹೆಚ್ಚು ಹೀರಿ ಕಪ್ಪಾಗುತ್ತದೆ. ಅಲ್ಲಿ ಮಾತ್ರ ಒಂದು ಸಂಖ್ಯೆ ಮುಂದೆ ಹೋಗಿ.

ವಿನೀರ್ ಅಂಟಿಸಿದ ಪ್ಲೈವುಡ್ ಬೇರೆಯೇ ಲೆಕ್ಕ. ಮೇಲಿನ ತೇಗದ ಪದರ ಅರ್ಧ ಮಿಲಿಮೀಟರ್ ಇದ್ದರೆ ಹೆಚ್ಚು. ಪಿ80 ಡಿಸ್ಕಿಗೆ ಅಂಚಿನಲ್ಲಿ ಅದನ್ನು ತೆಗೆಯಲು ಕೆಲವೇ ಸೆಕೆಂಡು ಸಾಕು, ಒಮ್ಮೆ ಕೆಳಗಿನ ಪದರ ಕಂಡಿತೆಂದರೆ ಸರಿಮಾಡುವ ದಾರಿಯಿಲ್ಲ. ಪಿ180ರಿಂದ ಶುರು, ಪಿ220ರಲ್ಲಿ ಮುಗಿಸಿ. ಅಂಚಿನ ಎರಡು ಇಂಚನ್ನು ಕೈಯಲ್ಲೇ, ಮರದ ತುಂಡಿಗೆ ಕಾಗದ ಸುತ್ತಿ ಉಜ್ಜಿ.

ಕಾಗದದ ಬಗೆಯೂ ಗಮನಿಸಬೇಕಾದದ್ದು. ಮರಕ್ಕೆ ಅಲ್ಯೂಮಿನಿಯಂ ಆಕ್ಸೈಡ್ ಡಿಸ್ಕ್. ಮೇಲೆ ಬೆಳ್ಳಗೆ ಪುಡಿ ಬಳಿದಂತೆ ಕಾಣುವ ಡಿಸ್ಕಿನಲ್ಲಿ ಸ್ಟಿಯರೇಟ್ ಲೇಪನ ಇರುತ್ತದೆ. ಧೂಳು ಕಣಗಳ ನಡುವೆ ಗಟ್ಟಿಯಾಗದಂತೆ ಅದು ತಡೆಯುತ್ತದೆ, ಪಾಲಿಶ್ ಕೋಟುಗಳ ನಡುವೆ ಉಜ್ಜಲು ಅದೇ ಸರಿ. ಕಪ್ಪು ವಾಟರ್ ಪೇಪರ್ ಸಿಲಿಕಾನ್ ಕಾರ್ಬೈಡಿನದ್ದು. ಅದನ್ನು ನೀರಿನಲ್ಲಿ ಕೈಯಿಂದ ಉಜ್ಜುವುದಕ್ಕೆ ಇಟ್ಟುಕೊಳ್ಳಿ. ಕರೆಂಟಿನ ಸ್ಯಾಂಡರನ್ನು ಒದ್ದೆ ಮೇಲ್ಮೈಗೆ ಎಂದೂ ತಗಲಿಸಬಾರದು.

ಡಿಸ್ಕ್ ಯಾವಾಗ ಎಸೆಯಬೇಕು? ಗಟ್ಟಿ ಮರದ ಮೇಲೆ ಹೆಚ್ಚುಕಡಿಮೆ ಹದಿನೈದು ಇಪ್ಪತ್ತು ನಿಮಿಷ. ಗಡಿಯಾರಕ್ಕಿಂತ ಕೈ ಚೆನ್ನಾಗಿ ಹೇಳುತ್ತದೆ. ಹೊಸ ಡಿಸ್ಕಿನ ಮೇಲೆ ಬೆರಳಾಡಿಸಿ, ಹಳತರ ಮೇಲೂ ಆಡಿಸಿ. ಹಳತು ಜಾರಿದರೆ ಅದರ ಆಯಸ್ಸು ಮುಗಿದಿದೆ. ಕಣಗಳ ನಡುವೆ ಧೂಳು ಕಟ್ಟಿಕೊಂಡಿದ್ದಷ್ಟೇ ಆದರೆ ಡಿಸ್ಕ್ ಒರೆಸುವ ರಬ್ಬರ್ ಕಡ್ಡಿಯಿಂದ ಉಜ್ಜಿ ಮತ್ತೆ ಬಳಸಬಹುದು. ಒಂದು ಡಿಸ್ಕಿನ ಬೆಲೆ ಹೋಟೆಲಿನ ಒಂದು ಲೋಟ ಕಾಫಿಯ ಆಸುಪಾಸು. ಒಂದು ಬಾಗಿಲಿಗೆ ಆರು ಡಿಸ್ಕ್ ಖರ್ಚಾದರೆ ಅದು ದುಂದಲ್ಲ. ಗ್ರಾಹಕರಿಗೆ ಲೆಕ್ಕ ಬರೆಯುವಾಗ ಡಿಸ್ಕುಗಳನ್ನು ಪ್ರತ್ಯೇಕವಾಗಿ ಬರೆಯಿರಿ, ಆಗ ಕಾಗದ ಉಳಿಸಬೇಕೆಂಬ ಆಸೆ ತಾನೇ ಕಡಿಮೆಯಾಗುತ್ತದೆ.

ಕೈ ಹೇಗಿರಬೇಕು

ಯಂತ್ರ ಮುಟ್ಟುವ ಮೊದಲು ಮರ ಸಿದ್ಧವಾಗಲಿ. ಮೊಳೆಗಳನ್ನು ಮೇಲ್ಮೈಯಿಂದ ಒಂದೆರಡು ಮಿಲಿಮೀಟರ್ ಕೆಳಗೆ ಇಳಿಸಿ. ಒಣಗಿದ ಗೋಂದಿನ ಉಂಡೆಗಳನ್ನು ಉಳಿಯಿಂದ ಕೆರೆದು ತೆಗೆಯಿರಿ. ಗೋಂದು ಬಿಸಿಗೆ ಮೆತ್ತಗಾಗಿ ಡಿಸ್ಕಿಗೆ ಮೆತ್ತಿಕೊಳ್ಳುತ್ತದೆ, ಉಳಿದ ಗೋಂದಿನ ಜಾಗ ಬಣ್ಣವನ್ನೂ ಹೀರುವುದಿಲ್ಲ. ಹಲಗೆ ಅಲ್ಲಾಡದಂತೆ ಕ್ಲ್ಯಾಂಪ್ ಹಾಕಿ, ಸಣ್ಣ ತುಂಡಾದರೆ ಕೆಳಗೆ ರಬ್ಬರ್ ಮ್ಯಾಟ್ ಹಾಸಿ. ಮಳೆಗಾಲದಲ್ಲಿ ತಂದ ಹಸಿ ಹಲಗೆ ನಾರುನಾರಾಗಿ ಏಳುತ್ತದೆ, ಡಿಸ್ಕ್ ಬೇಗ ಕಟ್ಟಿಕೊಳ್ಳುತ್ತದೆ. ತೇವ 12 ಶೇಕಡಾದೊಳಗೆ ಬರುವವರೆಗೆ ಅದನ್ನು ಗಾಳಿಗೆ ಬಿಡುವುದೇ ಒಳ್ಳೆಯದು.

ಡಿಸ್ಕ್ ಅಂಟಿಸುವಾಗ ಅದರ ತೂತು ಪ್ಯಾಡಿನ ತೂತಿಗೆ ಸರಿಯಾಗಿ ಕೂರಬೇಕು. 125 ಮಿ.ಮೀ ಪ್ಯಾಡಿನಲ್ಲಿ ಸಾಮಾನ್ಯವಾಗಿ ಎಂಟು ತೂತು. ಇದು ಬರೀ ಅಂದಕ್ಕಲ್ಲ, ಧೂಳು ಒಳಗೆ ಹೋಗುವ ದಾರಿಯೇ ಅದು. ಅರ್ಧ ಮುಚ್ಚಿದರೆ ಧೂಳು ಡಿಸ್ಕಿನ ಕೆಳಗೇ ಉಳಿದು ಗೀರು ಹಾಕುತ್ತದೆ.

ಇನ್ನು ಈ ಯಂತ್ರದ ಒಳಗುಟ್ಟು. ಮೋಟಾರ್ ಪ್ಯಾಡನ್ನು ಆ 2.5 ಮಿ.ಮೀ ಗಿರಕಿಯಲ್ಲಿ ಬಲವಂತವಾಗಿ ಓಡಿಸುತ್ತದೆ. ಪ್ಯಾಡ್ ತನ್ನ ನಡುವಿನ ಸುತ್ತ ತಿರುಗುವುದು ಮಾತ್ರ ಬಲವಂತದಿಂದಲ್ಲ, ಬೇರಿಂಗಿನ ಮೇಲೆ ಸಡಿಲವಾಗಿ ಕೂತಿರುವುದರಿಂದ ತಾನಾಗಿಯೇ ತಿರುಗುತ್ತದೆ. ಈ ಎರಡೂ ಚಲನೆ ಸೇರಿದಾಗ ಯಾವ ಕಣವೂ ಅದೇ ದಾರಿಯಲ್ಲಿ ಮತ್ತೆ ಹೋಗುವುದಿಲ್ಲ, ಹಾಗಾಗಿ ಗೀರು ಕಾಣುವುದಿಲ್ಲ. ನೀವು ಒತ್ತಿದ ತಕ್ಷಣ ಆ ಸಡಿಲ ತಿರುಗಾಟ ನಿಲ್ಲುತ್ತದೆ. ಗಿರಕಿ ಮಾತ್ರ ಉಳಿದು ಕಣಗಳು ಒಂದೇ ಜಾಗದಲ್ಲಿ ಸುತ್ತಿ ಸುತ್ತಿ ಪುಟ್ಟ ಸುರುಳಿ ಕೊರೆಯುತ್ತವೆ. ಪಾಲಿಶಿನ ಕೆಳಗೆ ಕಾಣುವ ಸುರುಳಿ ಇದೇ.

ಒತ್ತಡ ಸರಿಯಿದೆಯೇ ಎಂದು ತಿಳಿಯಲು ಸುಲಭದ ಉಪಾಯ ಇದೆ. ಪ್ಯಾಡಿನ ಪಕ್ಕದ ಅಂಚಿನ ಮೇಲೆ ಮಾರ್ಕರಿನಿಂದ ಒಂದು ಗೆರೆ ಎಳೆಯಿರಿ. ಕೆಲಸ ನಡೆಯುವಾಗ ಆ ಗೆರೆ ನಿಧಾನವಾಗಿ ಸುತ್ತು ಬರುತ್ತಿರುವುದು ಕಣ್ಣಿಗೆ ಕಾಣಬೇಕು. ನಿಂತರೆ ಕೈ ಭಾರವಾಗಿದೆ. ಯಂತ್ರದ ತೂಕ, ಅದರ ಮೇಲೆ ಆರಾಮಾಗಿ ಇಟ್ಟ ಅಂಗೈಯ ತೂಕ, ಇವೆರಡೇ ಸಾಕು.

ಯಂತ್ರವನ್ನು ಮರದ ಮೇಲಿಟ್ಟು ಸ್ವಿಚ್ ಹಾಕಬೇಕೋ, ಸ್ವಿಚ್ ಹಾಕಿ ಮರದ ಮೇಲೆ ಇಡಬೇಕೋ ಎಂದು ಬಹಳ ಜನ ಕೇಳುತ್ತಾರೆ. ಕಂಪನಿಗಳ ಕೈಪಿಡಿಗಳಲ್ಲೇ ಎರಡೂ ಬಗೆ ಇದೆ, ನಿಮ್ಮ ಯಂತ್ರದ ಕೈಪಿಡಿ ಹೇಳಿದಂತೆ ಮಾಡಿ. ಆದರೆ ಕಾರಣ ತಿಳಿದಿರಲಿ. ಪ್ಯಾಡಿನ ಮೇಲ್ಭಾಗದಲ್ಲಿ ರಬ್ಬರಿನ ಒಂದು ಬ್ರೇಕ್ ಉಂಗುರ ಇರುತ್ತದೆ. ಗಾಳಿಯಲ್ಲಿ ಓಡುವಾಗ ಪ್ಯಾಡ್ ವಿಪರೀತ ವೇಗ ಹಿಡಿಯದಂತೆ ಅದು ತಡೆಯುತ್ತದೆ. ಆ ಉಂಗುರ ಸವೆದಿದ್ದರೆ ಗಾಳಿಯಲ್ಲಿ ಪ್ಯಾಡ್ ಗರಗರ ತಿರುಗಿ, ಮರ ಮುಟ್ಟಿದ ಕ್ಷಣದಲ್ಲೇ ಅರ್ಧಚಂದ್ರದ ಗಾಯ ಮಾಡುತ್ತದೆ. ಅಂಥ ಯಂತ್ರಕ್ಕೆ ಮೊದಲು ಉಂಗುರ ಹಾಕಿಸಿ. ಎತ್ತುವಾಗ ಮಾತ್ರ ಎಲ್ಲರಿಗೂ ಒಂದೇ ನಿಯಮ: ಓಡುತ್ತಿರುವಾಗಲೇ ನೇರವಾಗಿ ಮೇಲಕ್ಕೆತ್ತಿ, ಆಮೇಲೆ ಸ್ವಿಚ್ ಆರಿಸಿ, ಪೂರ್ತಿ ನಿಂತ ಮೇಲೆ ಕೆಳಗಿಡಿ.

ನಡೆಸುವ ವೇಗ ಸೆಕೆಂಡಿಗೆ ಒಂದು ಇಂಚು, ಅಂದರೆ 25 ಮಿ.ಮೀ. ಕೇಳಲು ಸುಲಭ, ಮಾಡಿ ನೋಡಿದರೆ ತಾಳ್ಮೆ ಪರೀಕ್ಷಿಸುವಷ್ಟು ನಿಧಾನ. ಬಹುತೇಕರು ಇದರ ಹತ್ತರಷ್ಟು ವೇಗದಲ್ಲಿ ಬಟ್ಟೆ ಒರೆಸಿದಂತೆ ಹಿಂದೆಮುಂದೆ ಆಡಿಸುತ್ತಾರೆ. ಆಗ ಕೆಲವು ಕಡೆ ಕಾಗದ ಎರಡು ಸಲ ತಾಗಿರುತ್ತದೆ, ಕೆಲವು ಕಡೆ ಒಮ್ಮೆಯೂ ತಾಗಿರುವುದಿಲ್ಲ. ಒಂದು ಸಾಲು ಮುಗಿದ ಮೇಲೆ ಅರ್ಧ ಡಿಸ್ಕಿನಷ್ಟು ಪಕ್ಕಕ್ಕೆ ಸರಿದು ಮುಂದಿನ ಸಾಲು. 1 ಮೀಟರ್ ಉದ್ದ, 60 ಸೆ.ಮೀ ಅಗಲದ ಮೇಜಿಗೆ ಹೀಗೆ ಹತ್ತು ಸಾಲು, ಒಂದೊಂದಕ್ಕೆ 40 ಸೆಕೆಂಡು, ಒಟ್ಟು ಏಳು ನಿಮಿಷದ ಹತ್ತಿರ. ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಎಂದರೆ ಒಂದು ಕಾಗದಕ್ಕೆ ಹದಿನಾಲ್ಕು ನಿಮಿಷ. ಮೂರು ಕಾಗದಕ್ಕೆ ಮುಕ್ಕಾಲು ಗಂಟೆ ಬೇಕು. ಹತ್ತು ನಿಮಿಷದಲ್ಲಿ ಮುಗಿಸಿದೆ ಅನ್ನುವವರ ಮೇಜನ್ನು ಬೆಳಕಿಗೆ ಹಿಡಿದು ನೋಡಿ.

ಮುಗಿಯಿತೆಂದು ಹೇಗೆ ಗೊತ್ತಾಗುತ್ತದೆ? ಪ್ರತಿ ಕಾಗದಕ್ಕೂ ಮೊದಲು ಹಲಗೆಯ ಮೇಲೆ ಪೆನ್ಸಿಲಿನಿಂದ ತೆಳುವಾಗಿ ಅಂಕುಡೊಂಕು ಗೆರೆ ಎಳೆಯಿರಿ, ಎಲ್ಲ ಗೆರೆ ಅಳಿಸಿದಾಗ ಎಲ್ಲ ಕಡೆ ಕಾಗದ ತಾಗಿದೆ ಎಂದರ್ಥ. ಆಮೇಲೆ ಮೊಬೈಲಿನ ಟಾರ್ಚನ್ನು ಹಲಗೆಯ ಮಟ್ಟಕ್ಕೆ ಇಳಿಸಿ ಅಡ್ಡ ಬೆಳಕು ಬಿಡಿ. ಮೇಲಿನಿಂದ ಕಾಣದ ಗೀರೆಲ್ಲ ನೆರಳಾಗಿ ಕಾಣುತ್ತದೆ. ಮುಂದಿನ ಕಾಗದಕ್ಕೆ ಹೋಗುವ ಮೊದಲು ಹಲಗೆಯನ್ನು ವ್ಯಾಕ್ಯೂಮಿನಿಂದಲೋ ಬ್ರಷ್ಷಿನಿಂದಲೋ ಚೊಕ್ಕ ಮಾಡಿ. ಪಿ80ರ ಡಿಸ್ಕಿನಿಂದ ಕಳಚಿ ಬಿದ್ದ ಒಂದೇ ಒಂದು ಕಣ ಪಿ180ರ ಕೆಳಗೆ ಸಿಕ್ಕಿಕೊಂಡರೆ ಹಲಗೆಯ ಉದ್ದಕ್ಕೂ ಸುರುಳಿ ಬರೆಯುತ್ತ ಹೋಗುತ್ತದೆ.

ಅಂಚಿನ ಬಳಿ ಡಿಸ್ಕಿನ ಮೂರರಲ್ಲಿ ಎರಡು ಭಾಗ ಮರದ ಮೇಲೇ ಇರಲಿ. ಅದಕ್ಕಿಂತ ಹೊರಗೆ ಹೋದರೆ ಯಂತ್ರ ವಾಲಿ ಅಂಚು ದುಂಡಾಗುತ್ತದೆ. ಒಂದು ಕಪ್ಪು ಕಲೆ ಹೋಗುತ್ತಿಲ್ಲವೆಂದು ಡಿಸ್ಕಿನ ಅಂಚನ್ನು ಓರೆಯಾಗಿಸಿ ಅಲ್ಲೇ ಉಜ್ಜುವ ಅಭ್ಯಾಸ ಬಿಡಿ. ಕಲೆ ಹೋಗುತ್ತದೆ, ತಟ್ಟೆಯಂಥ ತಗ್ಗು ಉಳಿಯುತ್ತದೆ, ಹೊಳಪು ಪಾಲಿಶಿನಲ್ಲಿ ಅದು ಬಾಗಿಲು ತೆರೆದಾಗಲೆಲ್ಲ ಕಾಣುತ್ತದೆ. ಓರೆ ಹಿಡಿದಾಗ ಪ್ಯಾಡಿನ ಹೊರ ಅಂಚು ಕಾದು ವೆಲ್ಕ್ರೋದ ಕೊಕ್ಕೆಗಳು ಕರಗುತ್ತವೆ. ಓಡುವಾಗ ಡಿಸ್ಕ್ ಹಾರಿಹೋಗುತ್ತಿದೆ ಎಂದು ದೂರುವವರ ಪ್ಯಾಡ್ ತಿರುಗಿಸಿ ನೋಡಿದರೆ ಅಂಚಿನಲ್ಲಿ ಕೊಕ್ಕೆಗಳೇ ಇರುವುದಿಲ್ಲ.

ನೀರಿನ ಪಾಲಿಶ್ ಬಳಿಯುವವರಿಗೆ ಒಂದು ಹೆಚ್ಚಿನ ಹಂತ. ಕೊನೆಯ ಕಾಗದದ ನಂತರ ಒದ್ದೆ ಬಟ್ಟೆ ಹಿಂಡಿ ಮರ ಒರೆಸಿ, ಪೂರ್ತಿ ಒಣಗಲು ಬಿಡಿ. ನಾರು ನವಿರಾಗಿ ಎದ್ದು ನಿಲ್ಲುತ್ತದೆ. ಹೊಸ ಪಿ220 ಕಾಗದದಿಂದ ಕೈಯಲ್ಲೇ ಎಳೆಯ ಉದ್ದಕ್ಕೆ ಹಗುರವಾಗಿ ಒಂದೆರಡು ಸಲ ಸವರಿ. ಪಾಲಿಶ್ ಬಿದ್ದ ಮೇಲೆ ಆ ನಾರು ಮತ್ತೆ ಏಳುವುದಿಲ್ಲ.

ಬೆಲ್ಟ್ ಸ್ಯಾಂಡರಿಗೆ ಈ ನಿಯಮಗಳಲ್ಲಿ ಕೆಲವು ತಿರುಗಾಮುರುಗಾ. ಅದನ್ನು ಮರದ ಮೇಲಿಟ್ಟು ಸ್ವಿಚ್ ಹಾಕಿದರೆ ಯಂತ್ರವೇ ಮುಂದಕ್ಕೆ ಓಡುತ್ತದೆ. ಗಾಳಿಯಲ್ಲಿ ಶುರುಮಾಡಿ, ಮುಂದಕ್ಕೆ ನಡೆಸುತ್ತಲೇ ಇಳಿಸಿ, ನಡೆಸುತ್ತಲೇ ಎತ್ತಿ. ಎಳೆಯ ಉದ್ದಕ್ಕೇ ಹೋಗಬೇಕು, ಎಲ್ಲೂ ನಿಲ್ಲಬಾರದು. ಬೆಲ್ಟಿನ ಒಳಮೈಯ ಬಾಣದ ಗುರುತು ಯಂತ್ರದ ಬಾಣದ ದಿಕ್ಕಿಗೇ ಇರಲಿ, ಇಲ್ಲವಾದರೆ ಹಲವು ಬೆಲ್ಟುಗಳ ಜೋಡಣೆ ಬಿಚ್ಚಿಕೊಳ್ಳುತ್ತದೆ. ಬೆಲ್ಟ್ ಪಕ್ಕಕ್ಕೆ ಸರಿಯುತ್ತಿದ್ದರೆ ಟ್ರ್ಯಾಕಿಂಗ್ ತಿರುಪಿನಿಂದ ನಡುವಿಗೆ ತನ್ನಿ.

ಬೀಟೆಯ ಕುಸುರಿ

ಮೈಸೂರಿನಲ್ಲಿ ನಿಂತು ಮರ ಉಜ್ಜುವ ಮಾತಾಡುವಾಗ ಬೀಟೆ ಮರದ ಕುಸುರಿಯನ್ನು ಬಿಡಲಾಗದು. ಅರಮನೆಯ ಅಂಬಾವಿಲಾಸದಲ್ಲಿ ದಂತ ಕೂರಿಸಿದ ಬೀಟೆ ಬಾಗಿಲನ್ನು ನೋಡಿದವರಿಗೆ ಆ ಕೆಲಸದ ಮಟ್ಟ ಗೊತ್ತು. ದಂತಕ್ಕೆ ನಿಷೇಧ ಬಂದ ಮೇಲೆ ಈಗ ಬಣ್ಣಬಣ್ಣದ ಮರದ ತುಂಡು, ಪ್ಲಾಸ್ಟಿಕ್ ಕೂರಿಸುತ್ತಾರೆ. ಭೌಗೋಳಿಕ ಗುರುತು ಪಡೆದ ಈ ಕಲೆಯ ಫಲಕಕ್ಕೆ ಸ್ಯಾಂಡರ್ ಹಿಡಿಯುವವರು ಎರಡು ವಿಷಯ ನೆನಪಿಡಬೇಕು. ಪ್ಲಾಸ್ಟಿಕ್ ತುಂಡು ಬಿಸಿಗೆ ಮೆತ್ತಗಾಗಿ ಅಂಚಿನಲ್ಲಿ ಹರಡಿಕೊಳ್ಳುತ್ತದೆ, ಆದ್ದರಿಂದ ವೇಗದ ತಿರುಪನ್ನು ಕೆಳಕ್ಕಿಳಿಸಿ, ಒಂದೆಡೆ ನಿಲ್ಲದೆ ಹೋಗಬೇಕು. ಎರಡನೆಯದು ಬೀಟೆಯ ಕಪ್ಪು ಧೂಳು. ಅದು ಪಕ್ಕದ ಬಿಳಿ ಮರದ ರಂಧ್ರಗಳಿಗೆ ಇಳಿದು ಮಂಕು ಮಾಡುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಇನ್ನೂ ಆಳಕ್ಕೆ ಹೋಗುತ್ತದೆ, ವ್ಯಾಕ್ಯೂಮಿನಿಂದ ಎಳೆಯಬೇಕು. ಕುಸುರಿ ತುಂಡು ಬೀಟೆಗಿಂತ ಮೆದುವಾಗಿದ್ದರೆ ಮೆತ್ತನೆಯ ಪ್ಯಾಡ್ ಅದನ್ನು ಹೆಚ್ಚು ತಿಂದು ತಗ್ಗು ಮಾಡುತ್ತದೆ. ಸ್ಕ್ರೇಪರಿನಿಂದ, ಅಂದರೆ ಮರ ಕೆರೆಯುವ ಉಕ್ಕಿನ ತಗಡಿನಿಂದ, ಮಟ್ಟ ಮಾಡಿ, ಗಟ್ಟಿ ಮರದ ತುಂಡಿಗೆ ಕಾಗದ ಸುತ್ತಿ ಕೈಯಲ್ಲಿ ಮುಗಿಸುವ ಹಳೆಯ ಕ್ರಮವೇ ಇಲ್ಲಿ ಹೆಚ್ಚು ಸರಿ. ಹಳೆಯ ಕುಸುರಿ ಸಾಮಾನಿಗೆ, ಚಿತ್ರ ಬರೆದ ಹಳೆಯ ಮರಕ್ಕೆ ಯಂತ್ರ ಮುಟ್ಟಿಸಲೇಬೇಡಿ. ಅದು ಸಂರಕ್ಷಣೆ ಕಲಿತವರ ಕೆಲಸ.

ಧೂಳು

ಸ್ಯಾಂಡರ್ ಕೈ ಕೊಯ್ಯುವುದಿಲ್ಲ, ಹಾಗಾಗಿ ಗರಗಸಕ್ಕೆ ಹೆದರುವವರೂ ಇದಕ್ಕೆ ಹೆದರುವುದಿಲ್ಲ. ನಿಜವಾದ ಅಪಾಯ ಧೂಳಿನದ್ದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮರದ ಧೂಳನ್ನು ಮೊದಲ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಗುಂಪಿಗೆ ಸೇರಿಸಿತು. ಮೂಗು ಮತ್ತು ಅದರ ಸುತ್ತಲಿನ ಗೂಡುಗಳ ಕ್ಯಾನ್ಸರ್ ಇದರಿಂದ ಬರುತ್ತದೆ. ಅದಕ್ಕೂ ಮೊದಲು ಕಾಡುವುದು ಕೆಮ್ಮು, ಉಬ್ಬಸ, ಚರ್ಮದ ತುರಿಕೆ. ತೇಗ ಮತ್ತು ಬೀಟೆ ಎರಡರ ಧೂಳೂ ಅಲರ್ಜಿ ತರುತ್ತವೆ. ಮೊದಲು ಏನೂ ಆಗದವರಿಗೂ ಕೆಲವು ವರ್ಷಗಳ ನಂತರ ಶುರುವಾಗಬಹುದು, ಒಮ್ಮೆ ಶುರುವಾದರೆ ಸ್ವಲ್ಪ ಧೂಳಿಗೂ ಏಳುತ್ತದೆ.

ಕಣ್ಣಿಗೆ ಕಾಣುವ ಹೊಟ್ಟು ನೆಲಕ್ಕೆ ಬೀಳುತ್ತದೆ. ಶ್ವಾಸಕೋಶದ ಆಳಕ್ಕಿಳಿಯುವುದು 10 ಮೈಕ್ರಾನಿಗಿಂತ ಸಣ್ಣ ಕಣ. ಅದು ಕಾಣುವುದಿಲ್ಲ, ಕೆಲಸ ನಿಲ್ಲಿಸಿದ ಮೇಲೂ ಬಹಳ ಹೊತ್ತು ಗಾಳಿಯಲ್ಲೇ ತೇಲುತ್ತದೆ. ಪಿ180, ಪಿ220 ಹಂತದಲ್ಲಿ ಇದು ಹೆಚ್ಚು. ಮುಖಕ್ಕೆ ಕಟ್ಟಿದ ಟವೆಲ್ಲು, ಕರ್ಚೀಫು ಇದನ್ನು ತಡೆಯುವುದಿಲ್ಲ. ಎನ್95 ಅಥವಾ ಭಾರತೀಯ ಮಾನಕ ಐಎಸ್ 9473ರ ಗುರುತಿನ ಎಫ್ಎಫ್‌ಪಿ2 ಮಾಸ್ಕ್ ಹಾಕಿ. ಮೂಗಿನ ಮೇಲಿನ ತಂತಿಯನ್ನು ಎರಡೂ ಕೈಯಿಂದ ಒತ್ತಿ ಕೂರಿಸಿ, ಜೋರಾಗಿ ಉಸಿರು ಬಿಟ್ಟು ಅಂಚಿನಿಂದ ಗಾಳಿ ಸೋರುತ್ತದೆಯೇ ನೋಡಿ. ಗಡ್ಡ ಇದ್ದರೆ ಸೋರಿಯೇ ಸೋರುತ್ತದೆ.

ಮಾಸ್ಕಿಗಿಂತ ಮೊದಲು ಬರಬೇಕಾದದ್ದು ಧೂಳನ್ನು ಹುಟ್ಟಿದಲ್ಲೇ ಹಿಡಿಯುವುದು. ಯಂತ್ರದ ಜೊತೆ ಬರುವ ಬಟ್ಟೆ ಚೀಲ ದಪ್ಪ ಹೊಟ್ಟನ್ನು ಹಿಡಿಯುತ್ತದೆ, ಸಣ್ಣದನ್ನು ಹೊರಗೆ ಬಿಡುತ್ತದೆ. ವ್ಯಾಕ್ಯೂಮಿನ ಕೊಳವೆ ಜೋಡಿಸಿದರೆ ಗಾಳಿ ಎಷ್ಟೋ ಶುದ್ಧ, ಡಿಸ್ಕೂ ಹೆಚ್ಚು ಹೊತ್ತು ಬಾಳುತ್ತದೆ. ಮನೆಯೊಳಗೆ ಮಾಡುವುದಾದರೆ ಕಿಟಕಿಯಲ್ಲಿ ಹೊರಮುಖವಾಗಿ ಫ್ಯಾನ್ ಇಡಿ. ಮುಗಿದ ಮೇಲೆ ಕಂಪ್ರೆಸರ್ ಗಾಳಿಯಿಂದ ಬಟ್ಟೆ ಕೊಡವಬೇಡಿ, ಪೊರಕೆಯಿಂದ ಗುಡಿಸಬೇಡಿ, ನೆಲ ಒದ್ದೆ ಮಾಡಿ ಒರೆಸಿ. ಕೂಲಿಗೆ ಬಂದ ಹುಡುಗರಿಗೂ ಮಾಸ್ಕ್ ಕೊಡುವುದು ಮೇಸ್ತ್ರಿಯ ಹೊಣೆ. ಇದನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ.

ಹಳೆಯ ಪೇಂಟು ಇನ್ನೂ ಕೆಟ್ಟದ್ದು. ಅಗ್ರಹಾರದ ಹಳೆ ಮನೆಗಳ ಕಿಟಕಿ ಬಾಗಿಲಿನ ಮೇಲೆ ಹತ್ತಾರು ಕೋಟು ಎನಾಮೆಲ್ ಪೇಂಟ್ ಇರುತ್ತದೆ. ನಮ್ಮ ದೇಶದಲ್ಲಿ ಮನೆ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90) ಮೀರಬಾರದೆಂಬ ನಿಯಮ ಬಂದದ್ದು 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರಿನಿಂದ. ಅದಕ್ಕಿಂತ ಹಿಂದಿನ ಪೇಂಟಿನಲ್ಲಿ ಸೀಸ ಇದೆಯೆಂದೇ ಭಾವಿಸಿ ನಡೆಯಬೇಕು. ಅದನ್ನು ಸ್ಯಾಂಡರಿನಿಂದ ಉಜ್ಜಿದರೆ ಸೀಸದ ಪುಡಿ ಇಡೀ ಮನೆಗೆ ಹರಡುತ್ತದೆ, ಅಂಬೆಗಾಲಿಡುವ ಮಗುವಿನ ಕೈಗೂ ಬಾಯಿಗೂ ಹೋಗುತ್ತದೆ. ಮಕ್ಕಳ ಮೆದುಳಿನ ಬೆಳವಣಿಗೆಗೆ ಸೀಸ ನೇರ ಹಾನಿ ಮಾಡುತ್ತದೆ. ಅಂಥ ಬಾಗಿಲನ್ನು ಕಳಚಿ ಹೊರಗೆ ತನ್ನಿ, ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಪೇಂಟ್ ರಿಮೂವರ್ ಬಳಿದು ಕೆರೆಯಿರಿ. ಉಳಿದದ್ದನ್ನು ವಾಟರ್ ಪೇಪರಿನಿಂದ ಒದ್ದೆಯಾಗಿ ಉಜ್ಜಿ, ಹಾಳೆಯನ್ನು ಮಡಚಿ ಕಟ್ಟಿ. ಬರೀ ಮರ ಕಂಡ ಮೇಲೆಯೇ ಸ್ಯಾಂಡರ್.

ಧೂಳಿನ ಚೀಲ ಬೆಂಕಿಗೂ ಕಾರಣವಾಗುತ್ತದೆ. ಕಾಣದ ಮೊಳೆಗೆ ಡಿಸ್ಕ್ ತಾಗಿ ಹಾರಿದ ಒಂದು ಕಿಡಿ ಚೀಲ ಸೇರಿದರೆ ಗಂಟೆಗಟ್ಟಲೆ ಒಳಗೇ ಹೊಗೆಯಾಡುತ್ತಿರುತ್ತದೆ. ಪಾಲಿಶ್, ವಾರ್ನಿಶ್ ಉಜ್ಜಿದ ಧೂಳು ತಾನಾಗಿಯೂ ಬಿಸಿಯೇರಬಹುದು. ಚೀಲ ಅರ್ಧ ತುಂಬುವ ಮೊದಲೇ ಖಾಲಿ ಮಾಡಿ, ದಿನದ ಕೊನೆಗೆ ತಪ್ಪದೆ ಹೊರಗೆ ತಗಡಿನ ಡಬ್ಬಕ್ಕೆ ಸುರಿಯಿರಿ. ಬರೀ ಮರದ ಪಿ120 ಧೂಳನ್ನು ಸ್ವಲ್ಪ ಬೇರೆ ತೆಗೆದಿಟ್ಟುಕೊಂಡರೆ ಗೋಂದಿನಲ್ಲಿ ಕಲಸಿ ಅದೇ ಮರದ ಬಿರುಕು ತುಂಬಲು ಬರುತ್ತದೆ.

ಕರೆಂಟು, ಅದುರು, ಸದ್ದು

300 ವಾಟಿನ ಸ್ಯಾಂಡರ್ ಎಳೆಯುವುದು ಒಂದೂಕಾಲು ಆಂಪಿಯರಿನ ಆಸುಪಾಸು. ಎಕ್ಸ್‌ಟೆನ್ಷನ್ ವೈರು 1.5 ಚದರ ಮಿ.ಮೀ ಇರಲಿ, ರೀಲಿನದ್ದಾದರೆ ಪೂರ್ತಿ ಬಿಚ್ಚಿ, ಸುತ್ತಿಟ್ಟರೆ ಕಾಯುತ್ತದೆ. ಲೈನಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ಲೈನನ್ನು ತಾನೇ ಆರಿಸುವ ಸ್ವಿಚ್, ಇರಲೇಬೇಕು. ವೈರನ್ನು ಹೆಗಲ ಮೇಲಿಂದ ಹಿಂದಕ್ಕೆ ಬಿಡಿ, ಡಿಸ್ಕಿನ ದಾರಿಗೆ ಬರುವುದಿಲ್ಲ. ಡಿಸ್ಕ್ ಬದಲಿಸುವಾಗ ಪ್ಲಗ್ ಕಿತ್ತಿರಲಿ.

ನಮ್ಮೂರಿಗೆ ಬೇಕಾದ ಇನ್ನೊಂದು ಎಚ್ಚರಿಕೆ. ಸ್ವಿಚ್ಚನ್ನು ಲಾಕ್ ಮಾಡಿ ಕೆಲಸ ಮಾಡುತ್ತಿರುವಾಗ ಕರೆಂಟ್ ಹೋಗುತ್ತದೆ. ಯಂತ್ರವನ್ನು ಹಾಗೇ ಮೇಜಿನ ಮೇಲಿಟ್ಟು ಕಾಫಿಗೆ ಹೋಗುತ್ತೀರಿ. ಕರೆಂಟ್ ಬಂದಾಗ ಯಂತ್ರ ತಾನೇ ಓಡತೊಡಗಿ ಮೇಜಿನಿಂದ ಬೀಳುತ್ತದೆ, ಬೆಲ್ಟ್ ಸ್ಯಾಂಡರಾದರೆ ಯಾರ ಕಾಲಿನ ಮೇಲೋ. ಕರೆಂಟ್ ಹೋದ ಕೂಡಲೇ ಸ್ವಿಚ್ ಆರಿಸಿ, ಪ್ಲಗ್ ಕೀಳಿ.

ಅದುರಿನ ಅಳತೆ ಕೈಪಿಡಿಯಲ್ಲಿ ಮೀಟರ್ ಪ್ರತಿ ಸೆಕೆಂಡ್ ವರ್ಗ ಎಂದು ಕೊಟ್ಟಿರುತ್ತಾರೆ. ಯುರೋಪಿನ ನಿಯಮದಲ್ಲಿ ಎಂಟು ಗಂಟೆಯ ದಿನಕ್ಕೆ 2.5 ದಾಟಿದರೆ ಮಾಲೀಕರು ಕ್ರಮ ತೆಗೆದುಕೊಳ್ಳಬೇಕು, 5 ಮೀರಲೇಬಾರದು. ಅದುರು ಎರಡರಷ್ಟಾದರೆ ಹಿಡಿಯಬಹುದಾದ ಸಮಯ ಕಾಲು ಭಾಗಕ್ಕೆ ಇಳಿಯುತ್ತದೆ. ನಿಮ್ಮ ಯಂತ್ರದ ಅಳತೆ 5 ಇದ್ದರೆ ಎರಡೇ ಗಂಟೆಗೆ ಆ ಮೊದಲ ಗಡಿ ಮುಟ್ಟಿದಿರಿ. ರಾತ್ರಿ ಬೆರಳು ಜುಮ್ಮೆನ್ನುವುದು, ಚಳಿಯಲ್ಲಿ ತುದಿ ಬಿಳಿಚಿಕೊಳ್ಳುವುದು ಇದರ ಮೊದಲ ಲಕ್ಷಣ, ಕಡೆಗಣಿಸಿದರೆ ಶಾಶ್ವತವಾಗುತ್ತದೆ. ಬಿಗಿಯಾಗಿ ಹಿಡಿದಷ್ಟೂ ಅದುರು ತೋಳಿಗೆ ಏರುತ್ತದೆ. ಕಿವಿಗೆ ಪ್ಲಗ್, ಕಣ್ಣಿಗೆ ಕನ್ನಡಕ, ಇವಕ್ಕೆ ವಿವರಣೆ ಬೇಡ.

ಪ್ರಶ್ನೆಗಳು

ಹಳೆಯ ಕುರ್ಚಿಯ ಫ್ರೆಂಚ್ ಪಾಲಿಶ್ ಉಜ್ಜಿದರೆ ಡಿಸ್ಕ್ ಎರಡೇ ನಿಮಿಷಕ್ಕೆ ಅಂಟಂಟಾಗುತ್ತದಲ್ಲ?

ಅದು ಅರಗಿನ ಪಾಲಿಶ್. ಬಿಸಿಗೆ ಕರಗುವುದು ಅದರ ಗುಣ. ಸ್ಪಿರಿಟ್ಟಿನಲ್ಲಿ ಬಟ್ಟೆ ನೆನೆಸಿ ಒರೆಸಿದರೆ ಬಹುಪಾಲು ಬಿಟ್ಟುಬರುತ್ತದೆ. ಸ್ಪಿರಿಟ್ ಪೂರ್ತಿ ಆರಿದ ಮೇಲೆ, ಆ ಬಟ್ಟೆಗಳನ್ನು ದೂರ ಇಟ್ಟ ಮೇಲೆ ಮಾತ್ರ ಸ್ಯಾಂಡರಿನ ಸ್ವಿಚ್ ಹಾಕಿ. ಮೋಟಾರಿನ ಕಾರ್ಬನ್ ಬ್ರಷ್ ಕಿಡಿ ಹಾರಿಸುತ್ತದೆ, ಸ್ಪಿರಿಟ್ ಆವಿಗೆ ಅಷ್ಟು ಸಾಕು.

ಬ್ಯಾಟರಿ ಸ್ಯಾಂಡರ್ ಸಾಕೇ?

18 ವೋಲ್ಟ್, 5 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಇರುವುದು 90 ವಾಟ್ ಅವರ್. 180 ವಾಟ್ ಎಳೆದರೆ ಅರ್ಧ ಗಂಟೆ. ಅಟ್ಟದ ಮೇಲೆ, ಗೇಟಿನ ಬಳಿ ಸಣ್ಣ ಕೆಲಸಕ್ಕೆ ಅನುಕೂಲ. ದಿನವಿಡೀ ಬಾಗಿಲು ಉಜ್ಜುವವರಿಗೆ ವೈರಿನದ್ದೇ ಸರಿ.

ಗೋಡೆಯ ಪುಟ್ಟಿ ಉಜ್ಜಬಹುದೇ?

ವ್ಯಾಕ್ಯೂಮ್ ಜೋಡಿಸಿದರೆ ಮಾತ್ರ. ಪುಟ್ಟಿಯ ಹಿಟ್ಟಿನಂಥ ಧೂಳು ಬಟ್ಟೆ ಚೀಲದಲ್ಲಿ ನಿಲ್ಲುವುದಿಲ್ಲ, ಬೇರಿಂಗಿಗೂ ಮೋಟಾರಿಗೂ ಸೇರಿ ಯಂತ್ರದ ಆಯಸ್ಸು ಕಡಿಮೆ ಮಾಡುತ್ತದೆ. ಇಡೀ ಮನೆಯ ಗೋಡೆಯಾದರೆ ಉದ್ದ ಹಿಡಿಯ ಗೋಡೆ ಸ್ಯಾಂಡರನ್ನೇ ಬಾಡಿಗೆಗೆ ತನ್ನಿ.

ಹಳೆ ಮನೆಯ ರೆಡ್ ಆಕ್ಸೈಡ್ ನೆಲ ಮಂಕಾಗಿದೆ. ಇದೇ ಯಂತ್ರದಲ್ಲಿ ಹೊಳಪು ತರಬಹುದೇ?

ಬೇಡ. ಆ ಬಣ್ಣದ ಪದರ ಕೆಲವೇ ಮಿಲಿಮೀಟರ್ ದಪ್ಪ, ಒಂದು ಕಡೆ ತಗ್ಗಾದರೆ ಬಣ್ಣ ಹೊಂದಿಸಿ ತೇಪೆ ಹಾಕುವುದು ಬಹಳ ಕಷ್ಟ. ಸಿಮೆಂಟು, ಮರಳಿನ ಒಣ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಅದು ಶ್ವಾಸಕೋಶವನ್ನು ಗಟ್ಟಿಗಟ್ಟಿಸುತ್ತದೆ, ಮರದ ಧೂಳಿನಂತೆ ಅದೂ ಕ್ಯಾನ್ಸರ್ ತರುವ ಮೊದಲ ಗುಂಪಿನಲ್ಲೇ ಇದೆ. ನೀರು ಹಾಕಿ ಉಜ್ಜುವ ನೆಲದ ಪಾಲಿಶ್‌ನವರನ್ನು ಕರೆಸಿ. ಬರೀ ಕೊಳೆಯಿಂದ ಮಂಕಾಗಿದ್ದರೆ ಅದೂ ಬೇಕಾಗದು. ಸೌಮ್ಯ ಸೋಪಿನ ನೀರಿನಲ್ಲಿ ತೊಳೆದು, ಎರಡು ದಿನ ಒಣಗಿಸಿ, ನೆಲದ ಮೇಣ ಸವರಿ ಬಟ್ಟೆಯಿಂದ ತಿಕ್ಕಿ ನೋಡಿ.